ಮೂವತ್ತು ದಿನಗಳ ಚೀಟಿ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಈ ಬರಹದಲ್ಲಿ ಬೊಗಳು ಇದೆ, ಬೊಗಳೆ ಇಲ್ಲ.

ಬೆಳಗಿನ ಐದು ಗಂಟೆ. ಅಕ್ಟೋಬರ್ ಚಳಿ. ಬೊಂಡಾಸ್ ಮೀನು ಹಿಡಿಯಲು ಹೋಗಿದ್ದ ದೋಣಿಗಳು ದೀಪ ಆರಿಸಿಕೊಂಡು ಉರಾಹಮಾ ಬಂದರಿಗೆ ಮರಳುತ್ತಿವೆ. ಬಂದರಿನಿಂದ ಮೇಲೆ ಹತ್ತುವ ರಸ್ತೆಯಲ್ಲಿ, ಸಿಗ್ನಲ್ಲಿನ ಪಕ್ಕದ ಒಂದು ಕಟ್ಟಡದಲ್ಲಿ ಮಾತ್ರ ಬೆಳಕಿದೆ. ಹಿಂದಿನ ಕೋಣೆಯಿಂದ ಹೇರ್ ಡ್ರೈಯರ್ ಸದ್ದು. ಡಾ. ಇಟಾಗಾಕಿ ತೊಕಿಯೆ ಸ್ಟೀಲ್ ಮೇಜಿನ ಮೇಲೆ ಮಲಗಿರುವ ಬೂದು ಬೆಕ್ಕೊಂದರ ಮೈ ಒಣಗಿಸುತ್ತಿದ್ದಾರೆ. ಎಡಗೈ ರೋಮ ಬಿಡಿಸುತ್ತದೆ, ಬಲಗೈ ಗಾಳಿ ಹಿಡಿಯುತ್ತದೆ. ಬಾಯಿಯೂ ಸುಮ್ಮನಿಲ್ಲ.

“ಬಿಸಿ ಆಯ್ತಾ? ಇನ್ನೊಂಚೂರು ತಡ್ಕೊ ಪುಟ್ಟಾ. ಕಿವಿ ಹಿಂದೆ ಒದ್ದೆ ಉಳಿದ್ರೆ ನಿಮ್ಮಮ್ಮ ನನ್ನ ಬೈತಾರೆ.”

ಬೆಕ್ಕು ತಡೆದುಕೊಳ್ಳುತ್ತದೆ. ಅದು ಸತ್ತು ಆರು ಗಂಟೆಯಾಗಿದೆ.

ಮೈ ಒಣಗಿದ ಮೇಲೆ ಬಾಚಣಿಗೆ. ಆಮೇಲೆ ಉಗುರುಗಳ ನಡುವಿನ ಕೊಳೆ. ಡ್ರಿಪ್ ಹಾಕಲು ಬೋಳಿಸಿದ್ದ ಮುಂಗಾಲಿನ ಜಾಗ ಕಾಣದಂತೆ ಆ ಕಾಲನ್ನು ಮೆಲ್ಲಗೆ ಮಡಚಿ ಇಡುತ್ತಾರೆ. ಬಿಳಿ ರಟ್ಟಿನ ಪೆಟ್ಟಿಗೆ, ಅದರೊಳಗೆ ಟವೆಲ್ಲು, ಟವೆಲ್ಲಿನ ಮೇಲೆ ಬೆಕ್ಕು, ಸುತ್ತ ಹಿತ್ತಲಿನ ಕಾಸ್ಮಾಸ್ ಹೂ. ಬಕೆಟ್ಟಿನಲ್ಲಿ ಯಾರೋ ಕೊಟ್ಟ ಲಿಲಿ ಹೂಗಳೂ ಇವೆ. ಅವಕ್ಕೆ ಕೈ ಹಾಕುವುದಿಲ್ಲ. “ಬೆಕ್ಕಿಗೆ ಲಿಲಿ ವಿಷ,” ಎನ್ನುತ್ತಾರೆ. ಇನ್ನು ವಿಷ ಏರುವುದು ಯಾರಿಗೆ ಎಂದರೆ, “ಗೊತ್ತು. ಆದ್ರೂ ಇಡೋಕೆ ಕೈ ಬರಲ್ಲ,” ಎಂದು ಪೆಟ್ಟಿಗೆಯ ಅಂಚು ಒರೆಸುತ್ತಾರೆ.

ಎಂಟು ಗಂಟೆಗೆ ಬೆಕ್ಕಿನ ಮನೆಯವರು ಬಂದು ಪೆಟ್ಟಿಗೆ ಒಯ್ಯುತ್ತಾರೆ. ತೊಕಿಯೆ ಮತ್ತು ನರ್ಸ್ ಮಿಸುಮಿ ಬಾಗಿಲ ಹೊರಗೆ ನಿಂತು ಸೊಂಟ ಬಗ್ಗಿಸಿ ನಮಸ್ಕರಿಸುತ್ತಾರೆ. ಕಾರು ಕಣ್ಮರೆಯಾಗುವವರೆಗೂ ತಲೆ ಎತ್ತುವ ಹಾಗಿಲ್ಲ. ತೊಂದರೆ ಏನೆಂದರೆ, ಹತ್ತು ಮಾರು ದೂರದಲ್ಲೇ ಸಿಗ್ನಲ್ಲು. ಅದರ ಕೆಂಪು ತೊಂಬತ್ತು ಸೆಕೆಂಡು. ಕಾರು ನಿಲ್ಲುತ್ತದೆ, ಇವರು ಬಗ್ಗಿಯೇ ಇರುತ್ತಾರೆ. ಕೊರಿಯರ್ ಹಂಚುವವನೊಬ್ಬ ಹೊಸದರಲ್ಲಿ ಗಾಬರಿಯಾಗಿ, “ಅಯ್ಯೋ, ಸೊಂಟ ಹಿಡ್ಕೊಳ್ತಾ ಅಮ್ಮಾ?” ಎಂದು ಎತ್ತಲು ಬಂದಿದ್ದನಂತೆ. ಮಿಸುಮಿ ಬಗ್ಗಿದಲ್ಲಿಂದಲೇ ಅವನನ್ನು ಗದರಿಸಿ ಓಡಿಸಿದ್ದರಂತೆ.

ತೊಕಿಯೆಗೆ ಅರವತ್ತೊಂದು. ಬಾಲವೈದ್ಯೆಯಲ್ಲ, ಬಾಲದ ವೈದ್ಯೆ. ಊರಿಗೆ ಒಬ್ಬರೇ. ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ರೋಗಿಗಳು. ನಾಯಿ, ಬೆಕ್ಕು, ಮೊಲ, ಆಗಾಗ ಒಂದು ಆಮೆ. ಇಲ್ಲಿ ಎಲ್ಲರನ್ನೂ ಮನೆತನದ ಹೆಸರು ಸೇರಿಸಿಯೇ ಕರೆಯುವುದು; ಕೊನೆಗೆ ದೊಡ್ಡವರಿಗೆ ಮರ್ಯಾದೆಯ ‘ಸಾನ್’, ಮುದ್ದಿನವಕ್ಕೆ ‘ಚಾನ್’. ಆಮೆಗೂ ಮನೆತನವಿದೆ. ಕರೆಯುವ ಕೆಲಸ ಐವತ್ತೈದರ ಮಿಸುಮಿ ಅವರದು, ಅವರ ರಾಗ ಥೇಟ್ ದ್ವೀಪಕ್ಕೆ ಹೊರಡುವ ಹಡಗಿನ ಪ್ರಕಟಣೆ: “ತಾನಿಮೊತೋ… ಮೊಮೊ-ಚಾಆಆನ್!” ಮೊಮೊ-ಚಾನ್ ಬುಟ್ಟಿಯೊಳಗೆ ಇನ್ನಷ್ಟು ಮುದುಡುತ್ತದೆ.

ಏಪ್ರಿಲ್ ಬಂದರೆ ಪುರಸಭೆಯ ಪರವಾಗಿ ಏಳು ಕಡೆ ನಿಂತು ನಾಲ್ಕು ದಿನದಲ್ಲಿ ನಾನೂರಕ್ಕೂ ಹೆಚ್ಚು ನಾಯಿಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು. ಮೂವತ್ತಮೂರು ವರ್ಷದಲ್ಲಿ ಇಪ್ಪತ್ತೇಳು ಸಲ ಕಚ್ಚಿಸಿಕೊಂಡಿದ್ದಾರೆ. ಹೋದ ವರ್ಷ ಅವರ ಕೈಯಲ್ಲಿ ತೊಂಬತ್ತಾರು ಪ್ರಾಣಿಗಳು ತೀರಿಕೊಂಡವು. ತೊಂಬತ್ತಾರು ಮನೆಗೂ ಏಳನೆಯ ದಿನಕ್ಕೆ ಸರಿಯಾಗಿ ಕೈಬರಹದ ಕಾರ್ಡು ಹೋಗಿದೆ. ಅದರಲ್ಲಿ ಸಮಾಧಾನದ ಮಾತಿರುವುದಿಲ್ಲ. ಆ ಪ್ರಾಣಿ ಆಸ್ಪತ್ರೆಯಲ್ಲಿ ಮಾಡಿದ ಒಂದು ಕಿತಾಪತಿ ಇರುತ್ತದೆ. ‘ನಿಮ್ಮ ಹನಾ ನನ್ನ ಕನ್ನಡಕವನ್ನು ನೀರಿನ ಬಟ್ಟಲಿಗೆ ಹಾಕಿದ್ದಳು. ಅವಳೇ ಹಾಕಿದ್ದು ಎಂದು ಈಗ ಹೇಳಬಹುದು.’ ಅಷ್ಟೆ.

ಇದನ್ನೆಲ್ಲ ಕಾಲೇಜಿನಲ್ಲಿ ಕಲಿಸಲಿಲ್ಲ. ತೊಕಿಯೆ ಮೊದಲು ಮಾಡುತ್ತಿದ್ದುದು ಬೆಟ್ಟದ ಮೇಲಿನ ದನದ ಕೊಟ್ಟಿಗೆಗಳಲ್ಲಿ. ಅಲ್ಲಿ ಕರು ಸತ್ತರೆ ಹೇಳುವ ಸಮಾಧಾನ ಒಂದೇ: ಇನ್ನೊಂದು ತಂದ್ರಾಯ್ತು. ಬಂದರಿಗೆ ಬಂದ ಮೊದಲ ವರ್ಷ ತೋಫು ಮಾರುವ ಹೆಂಗಸೊಬ್ಬಳ ಬೆಕ್ಕು ಸತ್ತಾಗ ಅದೇ ಬಾಯಿಗೆ ಬಂತು.

“‘ಇನ್ನೊಂದು ತಂದ್ಕೊಳ್ಳಿ, ಮರಿ ಬೇಕಾದಷ್ಟು ಸಿಗ್ತವೆ’ ಅಂದೆ. ಒಳ್ಳೇದೇ ಹೇಳ್ತಿದೀನಿ ಅಂದ್ಕೊಂಡೆ ಕಣ್ರೀ. ಆಯಮ್ಮ ತಲೆ ಬಗ್ಗಿಸಿ, ಥ್ಯಾಂಕ್ಸ್ ಹೇಳಿ ಹೋದ್ರು. ಮತ್ತೆ ಬರ್ಲಿಲ್ಲ. ಈಗಲೂ ನಾನು ಎದುರು ಬಂದ್ರೆ ರಸ್ತೆ ದಾಟ್ತಾರೆ.”

ಕ್ಷಮೆ ಕೇಳಲಿಲ್ಲವೇ?

“ಮೂರು ಸಲ ಕೇಳಿದೀನಿ. ಮೂರು ಸಲಾನೂ ತೋಫು ಕೊಟ್ಟು ಕಳಿಸಿದ್ರು. ತೋಫು ಚೆನ್ನಾಗಿತ್ತು. ಆದ್ರೂ ರಸ್ತೆ ದಾಟ್ತಾರೆ.”

ಇವತ್ತು ಹತ್ತೂವರೆಗೆ ಒಂದು ಹೆಸರು ಪಟ್ಟಿಯಲ್ಲಿದೆ: ಮುರಾಕೊಶಿ ನೊದೊ. ಮಿಸುಮಿ ಬೆಳಗಿನಿಂದ ಆ ಸಾಲಿನ ಮೇಲೆ ನಾಲ್ಕು ಸಲ ಕಣ್ಣಾಡಿಸಿದ್ದಾರೆ. ನೊದೊ ಎಂಬ ನಾಯಿ ಸತ್ತು ಬರುವ ತಿಂಗಳಿಗೆ ವರ್ಷ ತುಂಬುತ್ತದೆ.

ನೊದೊನ ಯಜಮಾನ ಮುರಾಕೊಶಿ ಕ್ಯೂಜಿ, ಎಪ್ಪತ್ತೊಂಬತ್ತು ವರ್ಷ. ನಲವತ್ತು ವರ್ಷ ಬಂದರಿನ ಮೀನು ಹರಾಜು ಕೂಗಿದವರು. ಅವರ ದನಿಗೆ ಆಚೆ ದಂಡೆಯ ಕಡಲಕಾಗೆಗಳು ಏಳುತ್ತಿದ್ದವು. ಕೂಗುವುದಷ್ಟೇ ಅಲ್ಲ, ಅಣಕಿಸುವುದರಲ್ಲೂ ಎತ್ತಿದ ಕೈ. ಹಡಗಿನ ಹಾರ್ನ್, ಆಂಬುಲೆನ್ಸ್, ಪುರಸಭೆ ಅಧ್ಯಕ್ಷರ ಕೆಮ್ಮು, ಮಿಸುಮಿಯ ರಾಗ, ಎಲ್ಲವೂ ಅವರ ಗಂಟಲಲ್ಲಿದ್ದವು. ತನ್ನ ನಾಯಿಮರಿಯ ಕುತ್ತಿಗೆ ಕಪ್ಪಗಿತ್ತೆಂದು, ಈ ಕರಾವಳಿಯ ಅತ್ಯಂತ ದುಬಾರಿ ಕೆಂಪು ಮೀನು ‘ಕಪ್ಪುಗಂಟಲ’ನ ಹೆಸರನ್ನೇ ಅದಕ್ಕಿಟ್ಟರು. ಕರೆಯುವಾಗ ಬರೀ ನೊದೊ, ಎಂದರೆ ಗಂಟಲು.

ಹದಿನಾರು ವರ್ಷದ ಹಿಂದೆ ಆ ಮರಿಯನ್ನು ಮೊದಲ ಸಲ ತಂದ ದಿನ, ಡಾಕ್ಟರ ಥರ್ಮಾಮೀಟರ್ ಮೇಜಿನ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು. ಹತ್ತಿರದಲ್ಲೇ ‘ಗುರ್ರ್ರ್’ ಎಂದು ದೊಡ್ಡ ನಾಯಿಯೊಂದು ಗುರುಗುಟ್ಟಿತು. ತೊಕಿಯೆ ಎದ್ದ ರಭಸಕ್ಕೆ ತಲೆ ಮೇಜಿಗೆ ಬಡಿಯಿತು. ಮರಿ ಮೇಜಿನ ಮೇಲೆ ನಿದ್ದೆ ಹೋಗಿತ್ತು, ಗುರುಗುಟ್ಟಿದವರು ಕ್ಯೂಜಿ.

“ಅಲ್ಲಿಂದ ಪ್ರತಿ ಸಲಾನೂ ಅದೇ,” ಎನ್ನುತ್ತಾರೆ ತೊಕಿಯೆ. “ಬರ್ತಾರೆ, ನಾನು ಬಗ್ಗೋದನ್ನೇ ಕಾಯ್ತಾರೆ, ಗುರ್ ಅಂತಾರೆ. ಗೊತ್ತಿದ್ದೂ ಬೀಳ್ತೀನಿ. ಕಚ್ಚಿದ ಇಪ್ಪತ್ತೇಳು ನಾಯೀಲಿ ಒಂದೂ ಆ ಮುದುಕನಷ್ಟು ಹೆದರಿಸಿಲ್ಲ ನನ್ನ.”

ಹೋದ ನವೆಂಬರ್ ಹನ್ನೆರಡರಂದು ನೊದೊನ ಮೂತ್ರಪಿಂಡ ಕೆಲಸ ನಿಲ್ಲಿಸಿತು. ನಾಲ್ಕು ದಿನ ಡ್ರಿಪ್ಪಿನಲ್ಲಿ ಇಟ್ಟಿದ್ದರು. ಕೊನೆಗೆ ಕ್ಯೂಜಿಯೇ, “ಸಾಕು ಸೆನ್ಸೇ, ಸೂಜಿ ತೆಗೀರಿ,” ಎಂದರು. ಇಲ್ಲಿ ಎಲ್ಲರೂ ಡಾಕ್ಟರನ್ನು ಸೆನ್ಸೇ ಎಂದೇ ಕರೆಯುವುದು. ಸೂಜಿ ತೆಗೆದ ಮೇಲೆ ನೊದೊ ಯಜಮಾನರ ತೋಳಿನಲ್ಲೇ ಎರಡು ಗಂಟೆ ಇದ್ದು ಹೋದ.

ಆ ದಿನದ ಸಿಗ್ನಲ್ಲನ್ನು ಮಿಸುಮಿ ಮರೆತಿಲ್ಲ. “ಬಗ್ಗಿದಲ್ಲಿಂದಲೇ ಓರೆಗಣ್ಣಲ್ಲಿ ನೋಡ್ದೆ, ಕಾರು ಕೆಂಪಿಗೆ ನಿಂತಿತ್ತು. ಹಸಿರು ಬಿತ್ತು, ಹೊರಡ್ಲಿಲ್ಲ. ಹಿಂದೆ ಮೀನಿನ ಲಾರಿ ಇತ್ತು. ಆ ಲಾರಿಯವ್ರು ಹಾರ್ನ್ ಹೊಡೆಯೋದ್ರಲ್ಲಿ ಎಂಥವ್ರು ಅಂತ ನಿಮಗ್ಗೊತ್ತಲ್ಲ? ಸೆನ್ಸೇ ಬಗ್ಗಿ ನಿಂತಿದ್ದು ನೋಡಿದ್ನೋ ಏನೋ, ಕೈ ಕಟ್ಕೊಂಡು ಕೂತ. ಎರಡು ಹಸಿರು ಹಂಗೇ ಹೋಯ್ತು ಕಣ್ರೀ.”

ಅದಾದ ಮೇಲೆ ಕ್ಯೂಜಿ ಮಾತಾಡುವುದನ್ನೇ ಬಿಟ್ಟರು. ಗಂಟಲು ಹೋದ ಮೇಲೆ ದನಿಗೇನು ಕೆಲಸ? ಅವರ ಹೆಂಡತಿ ಹರುಯೆ ಒಣಮೀನಿನ ಕಟ್ಟು ಹಿಡಿದುಕೊಂಡು ತೊಕಿಯೆಯ ಹತ್ತಿರ ಬಂದು ಅತ್ತರು. “ಮನೆಯಲ್ಲಿ ರೇಡಿಯೋ ಆಫ್ ಮಾಡಿದ ಹಾಗೆ ಆಗಿದೆ ಮಾರಾಯ್ತಿ. ಐವತ್ತೆರಡು ವರ್ಷ ‘ಬಾಯಿ ಮುಚ್ಚಿ, ಬಾಯಿ ಮುಚ್ಚಿ’ ಅಂತ ಬೈದವಳು ನಾನೇ. ಈಗ ಯಾರ ಹತ್ರ ಹೋಗಿ ಹೇಳ್ಲಿ? ಬೆಳಿಗ್ಗೆ ಐದಕ್ಕೆ ಬರೀ ಹಗ್ಗ ಹಿಡ್ಕೊಂಡು ವಾಕಿಂಗ್ ಹೋಗ್ತಾರೆ. ಊಟ ಅಂತೂ ಕೇಳ್ಲೇಬೇಡಿ.”

ನಾಯಿ ಸತ್ತರೆ ಮೂವತ್ತು ದಿನದೊಳಗೆ ಪುರಸಭೆಗೆ ತಿಳಿಸಿ, ಕುತ್ತಿಗೆಯ ಹಿತ್ತಾಳೆ ಬಿಲ್ಲೆಯನ್ನು ಹಿಂತಿರುಗಿಸಬೇಕು. ತೊಕಿಯೆ ಆ ಫಾರಂಗಳ ಒಂದು ಕಟ್ಟನ್ನು ಮೇಜಿನ ಖಾನೆಯಲ್ಲೇ ಇಟ್ಟುಕೊಂಡಿರುತ್ತಾರೆ. ಮನೆಯವರ ಪಕ್ಕ ಕೂತು ತುಂಬಿಸುತ್ತಾರೆ. ಆದರೆ ಸಹಿಯ ಬದಲಿನ ಮುದ್ರೆ ಒತ್ತಬೇಕಾದ್ದು ಯಜಮಾನರೇ. ಕ್ಯೂಜಿ ಒತ್ತಲಿಲ್ಲ. ಮೂರು ಸಲ ಪುರಸಭೆಯ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದರು. ಬಿಲ್ಲೆ ಅವರ ಕೋಟಿನ ಜೇಬಿನಲ್ಲೇ ಉಳಿಯಿತು.

ತಿಳಿಸದಿದ್ದರೆ ಪುರಸಭೆಯ ದಾಖಲೆಯಲ್ಲಿ ನಾಯಿ ಬದುಕಿದೆ. ಮಾರ್ಚ್ ಕೊನೆಗೆ ಅದರ ಹೆಸರಿಗೆ ಕಾರ್ಡು ಬಂತು: ನೊದೊ, ವಯಸ್ಸು ಹದಿನಾರು, ಈ ಬಾರಿಯ ಚುಚ್ಚುಮದ್ದಿಗೆ ಏಪ್ರಿಲ್ ಹದಿನೆಂಟು, ಬೆಳಿಗ್ಗೆ ಒಂಬತ್ತಕ್ಕೆ, ಮೀನುಗಾರರ ಸಂಘದ ಅಂಗಳಕ್ಕೆ ಕರೆತರತಕ್ಕದ್ದು.

ಕ್ಯೂಜಿ ಬಂದರು. ಸಾಲಿನಲ್ಲಿ ನಲವತ್ತೊಂದನೆಯವರು. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ ಖಾಲಿ ಕುತ್ತಿಗೆಪಟ್ಟಿ ನೆಲ ಮುಟ್ಟುತ್ತಿತ್ತು.

ನೋಂದಣಿ ಮೇಜಿನ ಗುಮಾಸ್ತೆ ಕಾರ್ಡು ನೋಡಿದರು, ನೆಲ ನೋಡಿದರು. “ಮುರಾಕೊಶಿ-ಸಾನ್… ನಾಯಿ ಎಲ್ಲಿ?”

ತೊಕಿಯೆ ಕೈಯಲ್ಲಿದ್ದ ಸಿರಿಂಜನ್ನು ತಟ್ಟೆಗಿಟ್ಟು ಮೇಜು ಬಳಸಿ ಬಂದರು. ನಾಯಿ ಇದ್ದಾಗ ಹೇಗೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರೋ ಹಾಗೆಯೇ ಆ ಖಾಲಿ ಪಟ್ಟಿಯ ಎದುರು ಕೂತರು. ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಕೇಳಿದರು.

“ಊಟ ಮಾಡ್ತಿದಾನಾ?”

“ಇಲ್ಲ.” ಐದು ತಿಂಗಳಲ್ಲಿ ಅವರಾಡಿದ ಮೊದಲ ಮಾತು.

“ಯಾವಾಗಿಂದ?”

“ನವೆಂಬರ್ ಹನ್ನೆರಡರಿಂದ.”

“ನಿದ್ದೆ?”

“ಅವ ಮಾಡ್ತಾನೆ. ನನಗೆ ಬರೋದಿಲ್ಲ.”

“ಫಾರಂ ಯಾಕೆ ಕೊಟ್ಟಿಲ್ಲ ಮುರಾಕೊಶಿ-ಸಾನ್?”

ಕ್ಯೂಜಿ ಹಗ್ಗ ಮಡಚಿದರು, ಬಿಡಿಸಿದರು. “ಸಾಕು ಅಂದವ ನಾನೇ ಅಲ್ವಾ ಸೆನ್ಸೇ. ಈಗ ಮುದ್ರೆಯನ್ನೂ ನಾನೇ ಒತ್ತಿದ್ರೆ ಇನ್ನೊಂದ್ಸಲ ಕೊಂದ ಹಾಗೆ. ನಲವತ್ತು ವರ್ಷ ಹರಾಜಿನಲ್ಲಿ ಕೊನೇ ಮಾತು ನಂದೇ. ಇವನ ವಿಷಯದಲ್ಲೂ ನಂದೇ ಆಗ್ಬೇಕಿತ್ತಾ?”

ಹುಷಾರಿಲ್ಲದ ನಾಯಿಗೆ ಚುಚ್ಚುಮದ್ದನ್ನು ಮುಂದಕ್ಕೆ ಹಾಕಲು ಪಶುವೈದ್ಯರು ಬರೆದುಕೊಡುವ ಒಂದು ಚೀಟಿ ಉಂಟು, ಮುಂದೂಡಿಕೆ ಪತ್ರ. ತೊಕಿಯೆ ಆ ಚೀಟಿ ಪುಸ್ತಕ ತೆಗೆದರು. ಪ್ರಾಣಿಯ ಹೆಸರು ಬರೆಯುವ ಜಾಗವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಕೆಳಗೆ ಬರೆದರು: ‘ಮುರಾಕೊಶಿ ಕ್ಯೂಜಿ, ಗಂಡು, 79. ಸದ್ಯದ ಸ್ಥಿತಿಯಲ್ಲಿ ಮರಣದ ಫಾರಂ ಸಲ್ಲಿಸಲು ಅಶಕ್ತರು. ಮೂವತ್ತು ದಿನ ಮುಂದೂಡಲಾಗಿದೆ. ಬಳಿಕ ತಪಾಸಣೆಗೆ ಬರತಕ್ಕದ್ದು.’ ಕೆಂಪು ಮುದ್ರೆ ಒತ್ತಿದರು.

ಗುಮಾಸ್ತೆ ಬಗ್ಗಿ ಪಿಸುಗುಟ್ಟಿದರು. “ಸೆನ್ಸೇ, ಇದು ನಾಯಿಗೆ ಕೊಡೋದು.”

“ಗೊತ್ತಮ್ಮ. ಮನುಷ್ಯರಿಗೆ ಬರೆಯೋ ಅಧಿಕಾರ ನನಗಿಲ್ಲ. ಬೇರೆ ಚೀಟಿನೂ ನನ್ನತ್ರ ಇಲ್ಲ.”

ಕಾನೂನಿನ ಕಣ್ಣಲ್ಲಿ ಆ ಚೀಟಿಗೆ ಕಾಸಿನ ಕಿಮ್ಮತ್ತಿಲ್ಲ. ಗುಮಾಸ್ತೆ ನೊದೊನ ಕಾರ್ಡನ್ನು ಕಟ್ಟಿನ ಎಲ್ಲಕ್ಕಿಂತ ಕೆಳಗೆ ಸೇರಿಸಿ, “ನಲವತ್ತೆರಡು, ಬನ್ನಿ,” ಎಂದರು.

ಮೂವತ್ತು ದಿನ ಕಳೆದು ಕ್ಯೂಜಿ ನಿಜಕ್ಕೂ ಆಸ್ಪತ್ರೆಗೆ ಬಂದರು, ಚೀಟಿ ಸಮೇತ. ಮಿಸುಮಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಂದಿನ ರಾಗದಲ್ಲೇ ಕರೆದರು: “ಮುರಾಕೊಶೀ… ನೊದೊ-ಚಾಆಆನ್!” ಕ್ಯೂಜಿ ಎದ್ದು ಒಳಗೆ ಹೋದರು. ತೊಕಿಯೆ ಅವರನ್ನು ನಾಯಿಗಳ ತೂಕದ ಯಂತ್ರದ ಮೇಲೆ ಹತ್ತಿಸಿದರು. ನಲವತ್ತೆಂಟು ಕಿಲೋ. “ಅನ್ನಕ್ಕೆ ಮೀನಿನ ಸಾರು ಕಲಸಿ ಕೊಡಿ,” ಎಂದು ಹರುಯೆಗೆ ಹೇಳಿದರು, ನೊದೊಗೆ ಹೇಳುತ್ತಿದ್ದ ಹಾಗೆಯೇ. ಮತ್ತೆ ಮೂವತ್ತು ದಿನ.

ಜೂನಿನಲ್ಲಿ ನಲವತ್ತೇಳಕ್ಕೆ ಇಳಿದರು. ಅವತ್ತು ತೊಕಿಯೆಗೆ ಭಯವಾಯಿತು. “ನನ್ನ ಚೀಟಿಯಿಂದ ಏನಾಗುತ್ತೆ, ಆಟ ಆಡ್ತಿದೀನಾ ನಾನು ಅನ್ನಿಸ್ತು. ಇದಕ್ಕಿಂತ ಮನುಷ್ಯರ ಡಾಕ್ಟ್ರ ಹತ್ರ ಕಳಿಸ್ಬೇಕಿತ್ತು. ಕಳಿಸ್ದೆ ಕೂಡ. ಅಲ್ಲಿಗೂ ಹೋದ್ರು, ಇಲ್ಲಿಗೂ ಬಂದ್ರು.”

ಜುಲೈಯಲ್ಲಿ ಕಾಯುವ ಕೋಣೆಯಲ್ಲಿ ಒಂದು ಕಪ್ಪು ನಾಯಿ ಬೆದರಿ ಬೆಂಚಿನಡಿ ಸೇರಿಕೊಂಡು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಕ್ಯೂಜಿ ಎಲ್ಲಿಯೋ ನೋಡುತ್ತ, ಹರಾಜು ಶುರುವಾಗುವ ಮೊದಲು ಮೀನಿನ ಪೆಟ್ಟಿಗೆ ಎಣಿಸುವ ಗುನುಗನ್ನು ತೀರ ಕೆಳದನಿಯಲ್ಲಿ ಎತ್ತಿಕೊಂಡರು. ನಾಯಿ ಹೊರಗೆ ಬಂದು ಅವರ ಬೂಟಿನ ಮೇಲೆ ಗದ್ದ ಇಟ್ಟಿತು. ಆಮೇಲಿಂದ ಮಿಸುಮಿ ಅವರ ಸರದಿಯನ್ನು ಬೇಕೆಂದೇ ಕೊನೆಗೆ ತಳ್ಳತೊಡಗಿದರು. “ಕ್ಯೂಜಿ-ಸಾನ್, ಇನ್ನೂ ನಾಲ್ಕು ಜನ ಇದಾರೆ. ಸುಮ್ನೆ ಕೂತಿರೋ ಬದಲು ಆ ಮೂಲೇಲಿ ಅಳ್ತಿರೋದನ್ನ ಸ್ವಲ್ಪ ನೋಡ್ಕೊಳ್ಳಿ.”

ಸತ್ತವರು ಮನೆಗೆ ಬಂದು ಹೋಗುತ್ತಾರೆಂದು ಇಲ್ಲಿಯವರು ನಂಬುವ ಆಗಸ್ಟಿನ ದಿನಗಳು ಕಳೆದ ಮೇಲೆ, ತೂಕದ ಯಂತ್ರದ ಮೇಲೆ ನಿಂತುಕೊಂಡೇ ಕ್ಯೂಜಿ ಕೇಳಿದರು.

“ನೋವಾಗಿತ್ತಾ ಅವನಿಗೆ?”

ಇಲ್ಲ ಎಂದುಬಿಡುವುದು ಸುಲಭವಿತ್ತು. ತೊಕಿಯೆ ಹಾಗೆನ್ನಲಿಲ್ಲ. “ಆಗಿತ್ತು. ನಾಲ್ಕು ದಿನ ಆಗಿತ್ತು. ಸೂಜಿ ಇಟ್ಟವಳು ನಾನು, ಇನ್ನೊಂದು ದಿನ ನೋಡೋಣ ಅಂದವಳೂ ನಾನು. ನೀವು ಸಾಕು ಅಂದ ಮೇಲೆ ಆಗ್ಲಿಲ್ಲ. ಅವನಿಗೆ ಬೇಕಾಗಿದ್ದ ಮಾತು ಅದೊಂದೇ. ಅದನ್ನ ಹೇಳೋ ಧೈರ್ಯ ನನಗಿರಲಿಲ್ಲ ಮುರಾಕೊಶಿ-ಸಾನ್, ನಿಮಗಿತ್ತು.”

ಯಂತ್ರದ ಮುಳ್ಳು ಬಹಳ ಹೊತ್ತು ನಡುಗಿತು. ತೂಕ ಬರೆದುಕೊಳ್ಳಲು ಆಗಲಿಲ್ಲ ಎನ್ನುತ್ತಾರೆ ಮಿಸುಮಿ.

ಈಗ ಹತ್ತೂವರೆ. ಬಾಗಿಲು ತೆರೆಯುತ್ತದೆ. ಕ್ಯೂಜಿ ಕೋಟು ಹಾಕಿ ಟೈ ಕಟ್ಟಿದ್ದಾರೆ, ಹಿಂದೆ ಹರುಯೆ. ಕಾಯುವ ಕೋಣೆಯಲ್ಲಿ ಮೂರು ನಾಯಿ, ಒಂದು ಬೆಕ್ಕು, ಮನೆತನವುಳ್ಳ ಆಮೆ. ಮಿಸುಮಿ ಎಂದಿನ ರಾಗದಲ್ಲೇ ಕರೆಯುತ್ತಾರೆ. ತೂಕ: ಐವತ್ತೂವರೆ.

“ಇವತ್ತು ಚೀಟಿ ಬೇಡ ಸೆನ್ಸೇ,” ಎನ್ನುತ್ತಾರೆ ಕ್ಯೂಜಿ.

ಆರು ಹಳೆಯ ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿ ಮೇಜಿನ ಮೇಲಿಡುತ್ತಾರೆ. ಅದರ ಪಕ್ಕ ಫಾರಂ. ಅಕ್ಷರ ಓರೆಕೋರೆ, ಆದರೆ ಮುದ್ರೆ ನೆಟ್ಟಗೆ ಬಿದ್ದಿದೆ. “ಮಧ್ಯಾಹ್ನ ಪುರಸಭೆಗೆ ಹೋಗ್ತೇವೆ. ಹೆಸರು ಸರಿ ಉಂಟಾ ನೋಡಿ. ಅವನ ಹೆಸರಿನಲ್ಲಿ ತಪ್ಪಾಗ್ಬಾರ್ದು.”

ತೊಕಿಯೆ ಓದುತ್ತಾರೆ. ಒಂದು ಸಲ ಸಾಕಾಗಿತ್ತು, ಎರಡು ಸಲ ಓದುತ್ತಾರೆ. ಸರಿ ಇದೆ ಎಂದು ತಲೆಯಾಡಿಸುತ್ತಾರೆ. ಕ್ಯೂಜಿ ಜೇಬಿನಿಂದ ಹಿತ್ತಾಳೆ ಬಿಲ್ಲೆ ತೆಗೆಯುತ್ತಾರೆ. ಹನ್ನೊಂದು ತಿಂಗಳು ಬೆರಳಿಗೆ ಸಿಕ್ಕಿ ಅದರ ಅಂಚು ಮಿನುಗುತ್ತಿದೆ. ಡಾಕ್ಟರು ಎರಡೂ ಕೈ ಚಾಚುತ್ತಾರೆ. ಬಿಲ್ಲೆ ಕೈತಪ್ಪಿ ಮೇಜಿನ ಕೆಳಗೆ ಟಣ್ ಎಂದು ಬಿದ್ದು ಉರುಳುತ್ತದೆ.

“ಅಯ್ಯೋ, ನನ್ನ ಕೈ!” ಎನ್ನುತ್ತಾರೆ ಕ್ಯೂಜಿ.

“ಇರ್ಲಿ, ಇರ್ಲಿ, ನಾನು ತೆಗೀತೀನಿ.”

ಅದೇ ಬೆಳಿಗ್ಗೆ, ಬೆಕ್ಕಿನ ಪೆಟ್ಟಿಗೆ ಮುಚ್ಚುವಾಗ, ಬದುಕಿನಲ್ಲಿ ಇನ್ನೇನು ಆಸೆ ಎಂಬ ಪ್ರಶ್ನೆಗೆ ತೊಕಿಯೆ ಹೇಳಿದ್ದರು: “ಈ ಸೊಂಟ ಇನ್ನೊಂದು ಹತ್ತು ವರ್ಷ ಬಗ್ಗಿದ್ರೆ ಸಾಕಪ್ಪ.” ಈಗ ಆ ಸೊಂಟ ಬಗ್ಗುತ್ತದೆ. ತಲೆ ಮೇಜಿನ ಕೆಳಗೆ ಹೋಗುತ್ತದೆ. ಬೆರಳು ಬಿಲ್ಲೆಯನ್ನು ಮುಟ್ಟುತ್ತದೆ.

“ಗುರ್ರ್ರ್ರ್ರ್…”

ತೊಕಿಯೆ ಕಿರುಚುತ್ತಾರೆ. ತಲೆ ಮೇಜಿಗೆ ಬಡಿಯುತ್ತದೆ. ಸ್ಟೀಲ್ ತಟ್ಟೆ ಕತ್ತರಿ ಸಮೇತ ನೆಲಕ್ಕೆ ಬಿದ್ದು ಗಲಗಲ ಎನ್ನುತ್ತದೆ. ಕಾಯುವ ಕೋಣೆಯ ಮೂರೂ ನಾಯಿಗಳು ಒಟ್ಟಿಗೆ ಬೊಗಳತೊಡಗುತ್ತವೆ.

“ಥೂ ನಿಮ್ಮ! ಇವತ್ತೂ ಬಿಡ್ಲಿಲ್ವಾ? ಬಾಯಿ ಮುಚ್ಚಿ ಅಂದ್ರೆ!” ಎಂದು ಹರುಯೆ ಗಂಡನ ಬೆನ್ನಿಗೆ ಗುದ್ದುತ್ತಾರೆ. ಬೈದ ಬಾಯಿಗೇ ಸೆರಗಿಲ್ಲದ ಕಿಮೋನೋ ತೋಳು ಒತ್ತಿಕೊಂಡು ನಗುತ್ತಾರೆ. ಮಿಸುಮಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುತ್ತಾರೆ. ಕ್ಯೂಜಿಯ ನಗು ಮೊದಲು ಗಂಟಲಲ್ಲಿ ತುಕ್ಕು ಹಿಡಿದ ಗೇಟಿನ ಹಾಗೆ ಕಿರುಗುಟ್ಟಿ, ಆಮೇಲೆ ಹರಾಜಿನ ದನಿಯಲ್ಲೇ ಹೊರಡುತ್ತದೆ.

ಆದರೆ ಆ ಎಲ್ಲ ಸದ್ದಿನ ಮೇಲೆ, ರಸ್ತೆಯಾಚೆಯ ಸಿಗ್ನಲ್ಲಿನವರೆಗೂ ಕೇಳಿಸುವಂತೆ ನಗುತ್ತಿರುವವರು ಇನ್ನೊಬ್ಬರು. ನೆಲದ ಮೇಲೆ ಕೂತು, ಒಂದು ಕೈಯಲ್ಲಿ ನೆತ್ತಿ ಉಜ್ಜುತ್ತ, ಇನ್ನೊಂದರ ಮುಷ್ಟಿಯಲ್ಲಿ ನೊದೊನ ಬಿಲ್ಲೆಯನ್ನು ಭದ್ರವಾಗಿ ಹಿಡಿದುಕೊಂಡು, ಕೆನ್ನೆಯ ಮೇಲೆ ಇಳಿಯುತ್ತಿರುವ ನೀರನ್ನು ಒರೆಸಿಕೊಳ್ಳಲು ಕೈಯೇ ಇಲ್ಲದ ಸೆನ್ಸೇ.